ಸೋದರಮಾವನ ಐದು ಲಕ್ಷ, ತಾಯಿಯ ಎಂಟುನೂರು

ಪ್ರಶ್ನೆ: ನಾನು ಅರಸೀಕೆರೆ ಕಡೆಯ ಹಳ್ಳಿಯವಳು. ಮೂರು ವರ್ಷಗಳ ಹಿಂದೆ ಯಜಮಾನರು ತೀರಿಕೊಂಡರು. ಏಳು ವರ್ಷದ ಮಗಳು, ಅರವತ್ತೆಂಟು ವರ್ಷದ ಅತ್ತೆ, ನಾನು ಒಂದೇ ಮನೆಯಲ್ಲಿದ್ದೇವೆ. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಆದಾಯ ಪ್ರಮಾಣಪತ್ರದಲ್ಲಿ ವರ್ಷಕ್ಕೆ 24,000 ಎಂದಿದೆ. ನನಗೆ ವಿಧವಾ ವೇತನ ಬರುತ್ತದೆ. ಅತ್ತೆಗೆ ಸಂಧ್ಯಾ ಸುರಕ್ಷಾ ಬರುತ್ತದೆ, ಪಡಿತರ ಚೀಟಿಯಲ್ಲಿ ಯಜಮಾನಿ ಅವರೇ ಆದ್ದರಿಂದ ಗೃಹಲಕ್ಷ್ಮಿಯೂ ಅವರಿಗೇ ಬರುತ್ತದೆ. ಚೀಟಿ ಬಿಪಿಎಲ್. ಬೆಂಗಳೂರಿನ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದ ನನ್ನ ಅಣ್ಣ ಮಗಳ ಓದಿಗೆಂದು ಐದು ಲಕ್ಷ ಕೊಡುತ್ತೇನೆ ಎನ್ನುತ್ತಿದ್ದಾರೆ. ಯುಗಾದಿಗೆ ಬಂದಾಗ ತರುತ್ತಾರಂತೆ. ಬ್ಯಾಂಕಿನಲ್ಲಿ ಕೇಳಿದರೆ, ಅತ್ತೆಯ ಹೆಸರಿನಲ್ಲಿ ಠೇವಣಿ ಇಡಿ, ಹಿರಿಯ ನಾಗರಿಕರಿಗೆ ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಎಂದರು. ಅಷ್ಟು ದುಡ್ಡು ಬಂದರೆ ಪಿಂಚಣಿ, ರೇಷನ್ ಎಲ್ಲ ನಿಂತುಹೋಗುತ್ತದೆ ಎಂದು ನೆರೆಮನೆಯವರು ಹೆದರಿಸುತ್ತಿದ್ದಾರೆ. ದುಡ್ಡು ತೆಗೆದುಕೊಳ್ಳಲೋ ಬೇಡವೋ?

ಉತ್ತರ: ತೆಗೆದುಕೊಳ್ಳಿ ತಾಯಿ, ಧಾರಾಳವಾಗಿ ತೆಗೆದುಕೊಳ್ಳಿ. ಆದರೆ ಬ್ಯಾಂಕಿನವರು ಹೇಳಿದ್ದನ್ನು ಮಾತ್ರ ಮಾಡಬೇಡಿ. ನಿಮ್ಮ ಮುಂದಿರುವ ದಾರಿಗಳಲ್ಲಿ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಅವರು ಕೆಟ್ಟ ಮನಸ್ಸಿನಿಂದ ಹೇಳಿರಲಾರರು. ಬ್ಯಾಂಕಿನ ಮೇಜಿಗೆ ಕಾಣುವುದು ಬಡ್ಡಿಯ ದರ ಮಾತ್ರ, ನಿಮ್ಮ ಮನೆಯ ಪಿಂಚಣಿ ಆದೇಶ ಅಲ್ಲಿಗೆ ಕಾಣುವುದಿಲ್ಲ.

ಮೊದಲು ನಿಮ್ಮ ಮನೆಗೆ ಏನು ಬರುತ್ತಿದೆ ಎಂದು ಕೂಡಿ ನೋಡೋಣ. ನಿಮ್ಮ ವಿಧವಾ ವೇತನ ತಿಂಗಳಿಗೆ 800. ಅತ್ತೆಯ ಸಂಧ್ಯಾ ಸುರಕ್ಷಾ 1,200. ಗೃಹಲಕ್ಷ್ಮಿ 2,000. ಒಟ್ಟು 4,000, ವರ್ಷಕ್ಕೆ 48,000. ಇದರ ಮೇಲೆ ಅಕ್ಕಿ ಬೇರೆ. ಐದು ಲಕ್ಷವನ್ನು ಬ್ಯಾಂಕಿನಲ್ಲಿಟ್ಟರೆ ಶೇಕಡ 6.5ರಂತೆ ವರ್ಷಕ್ಕೆ 32,500 ಬರುತ್ತದೆ. ಅತ್ತೆಯ ಹೆಸರಿನಲ್ಲಾದರೆ 35,000. ಆ ಎರಡೂವರೆ ಸಾವಿರದ ಆಸೆಗೆ ಏನು ಪಣಕ್ಕೆ ಬೀಳುತ್ತದೆ ಎಂಬುದನ್ನು ಈಗ ಹೇಳುತ್ತೇನೆ.

ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಬಂತು. 65 ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು, ಅಸಂಘಟಿತ ಕೆಲಸಗಾರರಿಗೆ. ಅದರ ಷರತ್ತುಗಳಲ್ಲಿ ಒಂದು ಸಾಲನ್ನು ಜನ ಓದುವುದೇ ಇಲ್ಲ: ಫಲಾನುಭವಿ ಮತ್ತು ಅವರ ಗಂಡ ಅಥವಾ ಹೆಂಡತಿಯ ಹೆಸರಿನಲ್ಲಿರುವ ಠೇವಣಿಯ ಮೊತ್ತ 10,000 ರೂಪಾಯಿ ಮೀರಬಾರದು. ಹತ್ತು ಸಾವಿರ! ಕೈಯಲ್ಲಿರುವ ಗಂಟು ಎಷ್ಟು ಎಂದು ಇಷ್ಟು ನೇರವಾಗಿ ಕೇಳುವ ಷರತ್ತು ನಿಮ್ಮ ಮನೆಗೆ ಬರುವ ನಾಲ್ಕು ಸೌಲಭ್ಯಗಳಲ್ಲಿ ಇದೊಂದರಲ್ಲೇ ಇರುವುದು. ಉಳಿದವು ಆದಾಯ ಕೇಳುತ್ತವೆ, ತೆರಿಗೆ ಕೇಳುತ್ತವೆ, ಜಮೀನು ಕೇಳುತ್ತವೆ. ಅತ್ತೆಯ ಹೆಸರಿನಲ್ಲಿ ಐದು ಲಕ್ಷದ ಠೇವಣಿ ಇಟ್ಟ ದಿನವೇ ಅವರು ಸಂಧ್ಯಾ ಸುರಕ್ಷಾಗೆ ಅನರ್ಹರು. ಬಡ್ಡಿ ಬರುವವರೆಗೂ ಕಾಯಬೇಕಿಲ್ಲ. "ಇದು ಮೊಮ್ಮಗಳ ದುಡ್ಡು, ನನ್ನದಲ್ಲ" ಎಂದು ಅವರು ಆಮೇಲೆ ಎಷ್ಟು ಹೇಳಿದರೂ ಬಾಂಡಿನ ಮೇಲಿರುವುದು ಅವರ ಹೆಸರು.

ಇನ್ನೊಂದು ಮಾತನ್ನೂ ಹೇಳಲೇಬೇಕು. ನಿಮ್ಮ ಅತ್ತೆ ದೇವರಂಥವರೇ ಇರಬಹುದು. ಆದರೂ ಮನುಷ್ಯರ ಆಯುಸ್ಸು ನಮ್ಮ ಕೈಯಲ್ಲಿಲ್ಲ. ಅವರ ಹೆಸರಿನ ಹಣಕ್ಕೆ ಅವರ ನಂತರ ವಾರಸುದಾರರು ಅವರ ಎಲ್ಲ ಮಕ್ಕಳು. ನಿಮ್ಮ ಮಗಳಿಗೆ ಬರುವುದು ತೀರಿಹೋದ ತಂದೆಯ ಪಾಲು ಮಾತ್ರ. ನಾಮಿನಿ ಎಂದು ಮೊಮ್ಮಗಳ ಹೆಸರು ಬರೆಸಿದ್ದೇವೆ ಎಂದು ಕೆಲವರು ಧೈರ್ಯವಾಗಿರುತ್ತಾರೆ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆದುಕೊಳ್ಳುವ ಕೈ, ಅಷ್ಟೆ. ಹಣ ಯಾರದೆಂದು ತೀರ್ಮಾನಿಸುವುದು ಉತ್ತರಾಧಿಕಾರದ ಕಾನೂನು. ಸೋದರಮಾವ ಸೊಸೆಯ ಓದಿಗೆ ಕೊಟ್ಟ ಹಣಕ್ಕೆ ನಾದಿನಿಯರ ಜೊತೆ ಕೋರ್ಟಿಗೆ ಅಲೆಯುವ ಪರಿಸ್ಥಿತಿ ನಿಮಗೆ ಬೇಡ.

ಹಾಗಾದರೆ ನಿಮ್ಮ ಹೆಸರಿನಲ್ಲಿ ಇಡಬಹುದೇ? ಅದೂ ಬೇಡ. ಇಲ್ಲಿ ವಿಧವಾ ವೇತನದ ಲೆಕ್ಕ ಬರುತ್ತದೆ. ಅದು ಗಂಟನ್ನು ಕೇಳುವುದಿಲ್ಲ, ವರ್ಷದ ಆದಾಯ ಕೇಳುತ್ತದೆ. ಮಿತಿ 32,000. ನಿಮ್ಮ ಪ್ರಮಾಣಪತ್ರದ 24,000ಕ್ಕೆ ಬಡ್ಡಿಯ 32,500 ಸೇರಿದರೆ 56,500. ಮಿತಿ ದಾಟಿ ಎಷ್ಟೋ ದೂರ. ನಿಮ್ಮ ಹೊಲಿಗೆಯ ಸಂಪಾದನೆ ಸೊನ್ನೆ ಎಂದೇ ಇಟ್ಟುಕೊಂಡರೂ ಬಡ್ಡಿಯೊಂದೇ ಐನೂರು ರೂಪಾಯಿಯಷ್ಟು ಮಿತಿಯ ಆಚೆಗೆ ಬೀಳುತ್ತದೆ.

ಮಗಳ ಹೆಸರಿನಲ್ಲೇ ಬ್ಯಾಂಕ್ ಠೇವಣಿ ಇಟ್ಟು, ನೀವು ಪಾಲಕಿಯಾಗಿ ಸಹಿ ಹಾಕಿದರೆ? ಹಣ ಆಗ ಕಾನೂನಿನ ಪ್ರಕಾರ ಮಗಳದೇ. ತಂದೆ ಇಲ್ಲದ ಮಗುವಿಗೆ ತಾಯಿಯೇ ಸಹಜ ಪಾಲಕಿ, ಅದರಲ್ಲಿ ಯಾರೂ ತಕರಾರು ಎತ್ತುವಂತಿಲ್ಲ. ಆದರೆ ಬಡ್ಡಿ ಪ್ರತಿ ವರ್ಷವೂ ಲೆಕ್ಕಕ್ಕೆ ಬರುತ್ತದೆ, ನೀವು ನಡೆಸುವ ಖಾತೆಗೇ ಜಮೆಯಾಗುತ್ತದೆ. ಪರಿಶೀಲನೆಗೆ ಬಂದ ಗ್ರಾಮ ಆಡಳಿತ ಅಧಿಕಾರಿಯ ಕಣ್ಣಿಗೆ ಅದು ಕುಟುಂಬದ ಆದಾಯವಾಗಿಯೇ ಕಾಣುತ್ತದೆ. ಆದಾಯ ತೆರಿಗೆ ಕಾನೂನೂ ಹೆಚ್ಚು ಕಡಿಮೆ ಹಾಗೆಯೇ ನೋಡುತ್ತದೆ: ಅಪ್ರಾಪ್ತ ಮಗುವಿನ ಬಡ್ಡಿಯನ್ನು ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರಿಸಬೇಕು. ಇಬ್ಬರೂ ಇದ್ದರೆ ಯಾರ ಆದಾಯ ಹೆಚ್ಚೋ ಅವರಿಗೆ. ನಿಮ್ಮ ಮನೆಯಲ್ಲಿ ನೀವೊಬ್ಬರೇ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮುಗಳ ಸಂಖ್ಯೆ ಬದಲಾಯಿತು, ಈ ಪದ್ಧತಿ ಬದಲಾಗಲಿಲ್ಲ. ಆದ್ದರಿಂದ ನಾನಂತೂ ಮಗುವಿನ ಹೆಸರಿನ ಬ್ಯಾಂಕ್ ಬಡ್ಡಿ ತಾಯಿಯ ಆದಾಯ ಎಂದೇ ಹಿಡಿದು ಲೆಕ್ಕ ಹಾಕುತ್ತೇನೆ. ಕಂದಾಯ ಇಲಾಖೆಯಲ್ಲಿ ನಿರೀಕ್ಷಕನಾಗಿ ಇಂಥ ವರದಿಗಳನ್ನು ಬರೆದು ಬರೆದು ಕೈ ಸವೆದವನು ನಾನು. "ಸೇರುವುದಿಲ್ಲ" ಎಂದು ವಾದಿಸಿ ಗೆದ್ದ ಕಡತಗಳಿಗಿಂತ, ವಾದಿಸುತ್ತಾ ಆರೇಳು ತಿಂಗಳು ಪಿಂಚಣಿ ಇಲ್ಲದೆ ಕಳೆದವರ ಮುಖಗಳೇ ನನಗೆ ಹೆಚ್ಚು ನೆನಪಿವೆ.

ಉಡುಗೊರೆಗೇ ತೆರಿಗೆ ಬೀಳುತ್ತದೆಯೇ ಎಂಬ ಭಯ ನಿಮ್ಮ ಅಣ್ಣನಿಗೆ ಇದ್ದರೆ ಅದನ್ನು ಬಿಡಿಸಿ. ಹೊರಗಿನವರು ವರ್ಷಕ್ಕೆ 50,000ಕ್ಕಿಂತ ಹೆಚ್ಚು ಕೊಟ್ಟರೆ ಪಡೆದವರಿಗೆ ಅದು ಆದಾಯ. ಸಂಬಂಧಿಕರು ಕೊಟ್ಟರೆ ಎಷ್ಟಾದರೂ ಅಲ್ಲ. ಸಂಬಂಧಿಕರು ಯಾರು ಎಂಬ ಪಟ್ಟಿಯಲ್ಲಿ ತಂದೆ ತಾಯಿಯ ಒಡಹುಟ್ಟಿದವರು ಸ್ಪಷ್ಟವಾಗಿ ಇದ್ದಾರೆ, ಅಂದರೆ ಸೋದರಮಾವ ಇದ್ದಾನೆ. ತಮಾಷೆಯೆಂದರೆ ಇದೇ ಪಟ್ಟಿಯಲ್ಲಿ ಸೋದರಮಾವನ ಕಡೆಯಿಂದ ನೋಡಿದರೆ ಅಕ್ಕತಂಗಿಯ ಮಕ್ಕಳು ಇಲ್ಲ. ಮಾವ ಸೊಸೆಗೆ ಕೊಟ್ಟರೆ ತೆರಿಗೆ ಇಲ್ಲ, ಮುಂದೊಂದು ದಿನ ಸೊಸೆ ದುಡಿದು ಮಾವನಿಗೆ ಅಷ್ಟೇ ಹಣ ವಾಪಸು ಕೊಟ್ಟರೆ ಮಾವನಿಗೆ ತೆರಿಗೆ. ಮುಯ್ಯಿಗೆ ಮುಯ್ಯಿ ಎಂಬ ನಮ್ಮ ಪದ್ಧತಿ ಕಾನೂನು ಬರೆದವರಿಗೆ ಹೊಳೆದಿಲ್ಲ.

ಇನ್ನು ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಈ ಯೋಜನೆಗೆ ಬಿಪಿಎಲ್ ಚೀಟಿಯೇ ಬೇಕೆಂದಿಲ್ಲ, ಎಪಿಎಲ್ ಚೀಟಿಯ ಯಜಮಾನಿಗೂ ಹಣ ಬರುತ್ತದೆ. ಅದು ನೋಡುವುದು ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರೇ, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರೇ ಎಂಬುದನ್ನು. ನಿಮ್ಮ ಚೀಟಿಯ ಯಜಮಾನಿ ಅತ್ತೆ. ಹಾಗಾಗಿ ಮಗಳ ಹಣ ನೇರವಾಗಿ ಇದನ್ನು ಮುಟ್ಟುವುದಿಲ್ಲ. ಆದರೆ ನಿಮ್ಮಂತೆಯೇ ಕೇಳುವ ಬೇರೆ ತಾಯಂದಿರು ತಾವೇ ಯಜಮಾನಿಯರಾಗಿರುತ್ತಾರೆ. ಅವರಿಗಾಗಿ ಒಂದು ಘಟನೆ.

ನಿವೃತ್ತಿಯ ನಂತರ ಪಿಂಚಣಿ ಅದಾಲತ್‌ಗಳಲ್ಲಿ ಅರ್ಜಿ ಬರೆದುಕೊಡಲು ಹೋಗಿ ಕೂರುತ್ತಿದ್ದೆ. ಒಮ್ಮೆ ಒಬ್ಬ ಹೆಂಗಸು ಪ್ಲಾಸ್ಟಿಕ್ ಚೀಲದ ತುಂಬ ಕಾಗದ ತಂದು ನನ್ನ ಮುಂದೆ ಸುರಿದಳು. ಮಗನ ಹೆಸರಿನಲ್ಲಿ ದೊಡ್ಡಪ್ಪ ಆರು ಲಕ್ಷದ ಠೇವಣಿ ಇಟ್ಟಿದ್ದರು. ಶೇಕಡ 7ರಂತೆ ವರ್ಷಕ್ಕೆ 42,000 ಬಡ್ಡಿ. ಬ್ಯಾಂಕು ತೆರಿಗೆ ಮುರಿದುಕೊಳ್ಳದೆ ಬಿಡುವ ಮಿತಿ ಆಗ 40,000 ಇತ್ತು. ಬ್ಯಾಂಕು ತಾಯಿಯ ಪಾನ್ ಸಂಖ್ಯೆಯ ಮೇಲೆ 4,200 ಮುರಿದುಕೊಂಡಿತು. ಪಕ್ಕದ ಪಟ್ಟಣದ ಸೈಬರ್ ಅಂಗಡಿಯ ಹುಡುಗ, "ಅಕ್ಕಾ, ರಿಟರ್ನ್ ಹಾಕಿದರೆ ಅಷ್ಟೂ ವಾಪಸು ಬರುತ್ತದೆ" ಎಂದು ಐನೂರು ರೂಪಾಯಿ ತೆಗೆದುಕೊಂಡು ಹಾಕಿಕೊಟ್ಟ. ಬಂತು ಕೂಡ. ಆಮೇಲೆ ಗೃಹಲಕ್ಷ್ಮಿಗೆ ಅರ್ಜಿ ಹಾಕಿದರೆ ಹಣ ಬರಲೇ ಇಲ್ಲ. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಆದಾಯ ತೆರಿಗೆ ಪಾವತಿದಾರರು ಎಂದಿತ್ತು. ಅವಳು ಕಟ್ಟಿದ ತೆರಿಗೆ ಸೊನ್ನೆ, ಮುರಿದ ಹಣವೂ ವಾಪಸು ಬಂದಾಗಿತ್ತು. ಆದರೆ ಕಂಪ್ಯೂಟರಿಗೆ ಕಂಡದ್ದು ಪಾನ್ ಸಂಖ್ಯೆ ಮತ್ತು ರಿಟರ್ನ್. ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೂ ತಾಲ್ಲೂಕು ಕಚೇರಿಗೂ ಅವಳು ಓಡಾಡಿದ ಬಸ್ ಚಾರ್ಜು ಆ 4,200ರಲ್ಲಿ ಎಷ್ಟು ಉಳಿಸಿತೋ ನಾನು ಕೇಳಲಿಲ್ಲ. ಚೀಲದಲ್ಲಿದ್ದ ಕಾಗದಗಳ ನಡುವೆ ಮಗನ ಅಂಕಪಟ್ಟಿಯೂ ಇತ್ತು. ಯಾರು ಏನು ಕೇಳುತ್ತಾರೋ ಎಂದು ಎಲ್ಲವನ್ನೂ ಹೊತ್ತು ತಂದಿದ್ದಳು.

ಅಲ್ಲಿ ಆಗಬೇಕಾಗಿದ್ದು ಇಷ್ಟೇ. ಆದಾಯ ತೆರಿಗೆಯ ಮಿತಿಯೊಳಗೆ ಇರುವವರು ಪ್ರತಿ ವರ್ಷ ಏಪ್ರಿಲ್‌ನಲ್ಲೇ ಬ್ಯಾಂಕಿಗೆ "ನನ್ನ ಬಡ್ಡಿಯಲ್ಲಿ ತೆರಿಗೆ ಮುರಿಯಬೇಡಿ" ಎಂಬ ಘೋಷಣೆಯ ನಮೂನೆ ಕೊಡಬೇಕು. ಕೊಟ್ಟಿದ್ದರೆ ಮುರಿಯುತ್ತಿರಲಿಲ್ಲ, ಮುರಿಯದಿದ್ದರೆ ರಿಟರ್ನ್ ಬೇಕಿರಲಿಲ್ಲ. ಮುರಿಯುವ ಮಿತಿ 2025ರ ಏಪ್ರಿಲ್‌ನಿಂದ 50,000ಕ್ಕೆ ಏರಿದೆ, ಹಿರಿಯ ನಾಗರಿಕರಿಗೆ ಒಂದು ಲಕ್ಷಕ್ಕೆ. ಆದ್ದರಿಂದ ಐದು ಲಕ್ಷದ ಠೇವಣಿಗೆ ಈಗ ಆ ಕಾಟ ಇಲ್ಲ. ಎಂಟು ಹತ್ತು ಲಕ್ಷ ಬರುವವರು ನೆನಪಿಟ್ಟುಕೊಳ್ಳಿ.

ಪಡಿತರ ಚೀಟಿಯ ವಿಷಯದಲ್ಲಿ ನಿಮ್ಮ ನೆರೆಮನೆಯವರ ಭಯಕ್ಕೆ ಕಾರಣ ಇದೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಚೀಟಿಗಳು ರದ್ದಾಗಿ ರಾಜ್ಯವೆಲ್ಲ ಗದ್ದಲವಾದದ್ದನ್ನು ಯಾರೂ ಮರೆತಿಲ್ಲ. ಕೊನೆಗೆ ಸರ್ಕಾರ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರ ಚೀಟಿ ಮಾತ್ರ ರದ್ದು, ಉಳಿದವರಿಗೆ ವಾಪಸು ಎಂದು ಹೇಳಬೇಕಾಯಿತು. ಬಿಪಿಎಲ್‌ಗೆ ವರ್ಷದ ಆದಾಯದ ಮಿತಿ 1.20 ಲಕ್ಷ. ಅದರ ಜೊತೆಗೆ ಬಾಡಿಗೆಗಲ್ಲದ ನಾಲ್ಕು ಚಕ್ರದ ವಾಹನ ಇರಬಾರದು, ಮೂರು ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ ಇರಬಾರದು. ಮಗುವಿಗೆ ಬಂದ ಉಡುಗೊರೆ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಬಡ್ಡಿ ಸೇರಿಸಿದರೂ ನೀವು 1.20 ಲಕ್ಷದ ಹತ್ತಿರಕ್ಕೂ ಬರುವುದಿಲ್ಲ. ಅಕ್ಕಿಯ ಚಿಂತೆ ಬಿಡಿ.

ಅಂದರೆ ನೋಡಿ, ಉಡುಗೊರೆಯಿಂದ ನಿಮಗೆ ತೊಂದರೆ ಇಲ್ಲ. ಅದು ಯಾರ ಹೆಸರಿನಲ್ಲಿ ಕೂರುತ್ತದೆ, ಅದರ ಬಡ್ಡಿ ವರ್ಷವರ್ಷ ಎಲ್ಲಿ ಬಂದು ಬೀಳುತ್ತದೆ ಎಂಬುದರಿಂದ ತೊಂದರೆ. ಹಣ ಮಗಳ ಹೆಸರಿನಲ್ಲೇ ಇರಬೇಕು, ಬಡ್ಡಿ ಅವಳು ದೊಡ್ಡವಳಾಗುವವರೆಗೆ ಯಾರ ಕೈಗೂ ಬರಬಾರದು, ತೆರಿಗೆ ಲೆಕ್ಕಕ್ಕೂ ಸಿಗಬಾರದು. ಹೆಣ್ಣುಮಗುವಿಗೆ ಇಂಥದ್ದು ಅಂಚೆ ಕಚೇರಿಯಲ್ಲೇ ಇದೆ: ಸುಕನ್ಯಾ ಸಮೃದ್ಧಿ.

ನಿಮ್ಮ ಮಗಳಿಗೆ ಏಳು. ಹತ್ತು ತುಂಬುವುದರೊಳಗೆ ಖಾತೆ ತೆರೆಯಬೇಕು, ಆದ್ದರಿಂದ ಸಮಯ ಇದೆ, ಆದರೆ ಮಲಗಿಕೊಳ್ಳುವಷ್ಟು ಇಲ್ಲ. ತೆರೆಯಬೇಕಾದವರು ಪಾಲಕಿಯಾದ ನೀವು. ಸೋದರಮಾವ ತೆರೆಯುವಂತಿಲ್ಲ, ಅಜ್ಜಿ ತೆರೆಯುವಂತಿಲ್ಲ. ಮಗಳ ಜನನ ಪ್ರಮಾಣಪತ್ರ, ನಿಮ್ಮ ಆಧಾರ್, ಪಾನ್, ಫೋಟೊ ತೆಗೆದುಕೊಂಡು ಹೋಗಿ. ಬಡ್ಡಿಯನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. 2024ರ ಜನವರಿಯಲ್ಲಿ ಅದನ್ನು ಶೇಕಡ 8.2ಕ್ಕೆ ಏರಿಸಲಾಯಿತು. ಆ ದರದಲ್ಲಿ ಹಾಕಿದ ಹಣ ಸುಮಾರು ಒಂಬತ್ತು ವರ್ಷಕ್ಕೆ ಇಮ್ಮಡಿಯಾಗುತ್ತದೆ. ಬ್ಯಾಂಕಿನವರು ಹೇಳಿದ ಅರ್ಧ ಪರ್ಸೆಂಟ್ ಇದರ ಮುಂದೆ ಏನೂ ಅಲ್ಲ. ಬಡ್ಡಿಗೆ ಆದಾಯ ತೆರಿಗೆ ಇಲ್ಲವಾದ್ದರಿಂದ ತಾಯಿಯ ಆದಾಯಕ್ಕೆ ಸೇರಿಸುವ ಮಾತೂ ಬರುವುದಿಲ್ಲ. ಬಡ್ಡಿ ಪಾಸ್‌ಬುಕ್ಕಿನಲ್ಲಿ ಅಂಕಿಯಾಗಿ ಬೆಳೆಯುತ್ತದೆ, ಮನೆಗೆ ಬರುವುದಿಲ್ಲ. ಮನೆಗೆ ಬಾರದ ಹಣವನ್ನು ಮನೆಯ ಆದಾಯ ಎಂದು ವರದಿ ಬರೆಯಲು ನಾನಾಗಿದ್ದರೆ ಪೆನ್ನು ಎತ್ತುತ್ತಿರಲಿಲ್ಲ.

ಒಂದು ತೊಡಕು ಇದೆ. ಒಂದು ಆರ್ಥಿಕ ವರ್ಷದಲ್ಲಿ 1.5 ಲಕ್ಷಕ್ಕಿಂತ ಹೆಚ್ಚು ಹಾಕುವಂತಿಲ್ಲ. ಇಲ್ಲಿ ಯುಗಾದಿ ನಿಮ್ಮ ಸಹಾಯಕ್ಕೆ ಬರುತ್ತದೆ. ಹಬ್ಬ ಮಾರ್ಚ್‌ಗೆ ಬೀಳಲಿ ಏಪ್ರಿಲ್‌ಗೆ ಬೀಳಲಿ, ಅಣ್ಣನಿಗೆ ಹೇಳಿ ಮಾರ್ಚ್ 31ರೊಳಗೆ 1.5 ಲಕ್ಷ ಹಾಕಿಸಿ. ಅದು ಹಳೆಯ ವರ್ಷದ ಲೆಕ್ಕ. ಏಪ್ರಿಲ್ ಮೊದಲ ವಾರದಲ್ಲಿ ಇನ್ನೊಂದು 1.5 ಲಕ್ಷ, ಅದು ಹೊಸ ವರ್ಷದ್ದು. ಹದಿನೈದು ದಿನದಲ್ಲಿ ಮೂರು ಲಕ್ಷ ಒಳಗೆ ಹೋಯಿತು. ಏಪ್ರಿಲ್‌ನದನ್ನು 5ನೇ ತಾರೀಖಿನೊಳಗೆ ಹಾಕಿದರೆ ಆ ತಿಂಗಳ ಬಡ್ಡಿಯೂ ಸಿಗುತ್ತದೆ, ಏಕೆಂದರೆ 5ರ ನಂತರ ಮತ್ತು ತಿಂಗಳ ಕೊನೆಯ ನಡುವಿನ ಅತಿ ಕಡಿಮೆ ಮೊತ್ತಕ್ಕೆ ಬಡ್ಡಿ ಕಟ್ಟುತ್ತಾರೆ.

ಉಳಿದ ಎರಡು ಲಕ್ಷ? ಅದನ್ನು ಈಗಲೇ ಇಸಿದುಕೊಳ್ಳುವ ಅವಸರ ಬೇಡ. ಮಗಳ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ 13,000 ಬಡ್ಡಿ, ನಿಮ್ಮ 24,000ಕ್ಕೆ ಸೇರಿ 37,000, ಮತ್ತೆ ಮಿತಿಯ ಆಚೆ. ಅದು ಅಣ್ಣನ ಹತ್ತಿರ ಅಣ್ಣನ ಹೆಸರಿನಲ್ಲೇ ಇರಲಿ. ಕೊಡುವವರೆಗೆ ಅದು ಅವರ ಹಣ, ಬಡ್ಡಿಯೂ ಅವರದು, ನಿಮ್ಮ ಯಾವ ಅರ್ಜಿಗೂ ಅದಕ್ಕೂ ಸಂಬಂಧವಿಲ್ಲ. ಮುಂದಿನ ಏಪ್ರಿಲ್‌ಗೆ 1.5 ಲಕ್ಷ, ಅದರ ಮುಂದಿನ ಏಪ್ರಿಲ್‌ಗೆ 50,000 ಹಾಕಿದರೆ ಮುಗಿಯಿತು. ಅಷ್ಟರೊಳಗೆ ಮನಸ್ಸು ಬದಲಾದರೆ, ಅತ್ತಿಗೆ ಬೇಡವೆಂದರೆ ಎಂಬ ಅಳುಕು ನಿಮಗಿರಬಹುದು. ಇರುವುದು ತಪ್ಪೂ ಅಲ್ಲ. ಅದರ ಬೆಲೆ ಎರಡು ಲಕ್ಷ. ಅವಸರದ ಬೆಲೆ ನಿಮ್ಮ ಪಿಂಚಣಿ. ಯಾವುದು ಹೆಚ್ಚು ಭಾರ ಎಂದು ತೂಗುವವರು ಅಣ್ಣನನ್ನು ಬಲ್ಲ ನೀವು, ನಾನಲ್ಲ.

ಖಾತೆ ತೆರೆದ ಮೇಲೆ 15 ವರ್ಷ ಹಣ ಹಾಕಬಹುದು. ದೊಡ್ಡ ಮೊತ್ತ ಮುಗಿದ ಮೇಲೂ ವರ್ಷಕ್ಕೆ ಕನಿಷ್ಠ 250 ರೂಪಾಯಿ ಹಾಕುತ್ತಿರಬೇಕು, ಮರೆತರೆ ವರ್ಷಕ್ಕೆ 50 ದಂಡ. ಮಗಳಿಗೆ 18 ತುಂಬಿದಾಗ ಅಥವಾ ಹತ್ತನೇ ತರಗತಿ ಮುಗಿದಾಗ, ಮುಂದಿನ ಓದಿಗೆ ಹಿಂದಿನ ವರ್ಷದ ಕೊನೆಯಲ್ಲಿದ್ದ ಮೊತ್ತದ ಅರ್ಧದವರೆಗೆ ತೆಗೆಯಬಹುದು. ಪೂರ್ತಿ ಕೈಗೆ ಬರುವುದು ಖಾತೆ ತೆರೆದು 21 ವರ್ಷಕ್ಕೆ. ಇದನ್ನು ಅಣ್ಣನಿಗೆ ಮೊದಲೇ ಹೇಳಿ. ಮುಂದಿನ ವರ್ಷ ಒಳ್ಳೆಯ ಶಾಲೆಗೆ ಸೇರಿಸಲಿ ಎಂದು ಅವರು ಕೊಡುತ್ತಿದ್ದರೆ ಈ ದಾರಿ ಸರಿಹೋಗುವುದಿಲ್ಲ. ಆಗ ಹಣವನ್ನು ನಿಮಗೆ ಕೊಡುವ ಬದಲು ಪ್ರತಿ ವರ್ಷದ ಶುಲ್ಕವನ್ನು ಅವರೇ ಶಾಲೆಗೆ ನೇರವಾಗಿ ಕಟ್ಟಲಿ. ರಸೀತಿ ಮಗಳ ಹೆಸರಿನಲ್ಲಿ ಬರುತ್ತದೆ, ನಿಮ್ಮ ಖಾತೆಯಲ್ಲಿ ಒಂದು ರೂಪಾಯಿಯೂ ಅಲುಗುವುದಿಲ್ಲ.

ನಿಮ್ಮ ಮಗಳಿಗೆ ಭಾಗ್ಯಲಕ್ಷ್ಮಿ ಬಾಂಡು ಬಂದಿದ್ದರೆ ಅದು ಬೇರೆ, ಇದು ಬೇರೆ. ಆದರೆ 2020-21ರ ನಂತರ ಭಾಗ್ಯಲಕ್ಷ್ಮಿಯನ್ನೇ ಸುಕನ್ಯಾ ಖಾತೆಯ ರೂಪಕ್ಕೆ ತರಲಾಯಿತು. ಆಮೇಲೆ ಹುಟ್ಟಿದ ಹೆಣ್ಣುಮಕ್ಕಳಿರುವವರು ಇರುವ ಪಾಸ್‌ಬುಕ್ ಹುಡುಕಿ ಕೊಂಡುಹೋಗಿ, ಅದಕ್ಕೇ ಹಾಕಬಹುದೇ ಎಂದು ಅಂಚೆ ಕಚೇರಿಯಲ್ಲಿ ಕೇಳಿ. ಒಂದು ಮಗುವಿಗೆ ಒಂದೇ ಸುಕನ್ಯಾ ಖಾತೆ. ಗಂಡುಮಗು ಇರುವವರಿಗೆ ಸುಕನ್ಯಾ ಇಲ್ಲ. ಅಪ್ರಾಪ್ತನ ಹೆಸರಿನ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆ ಇದೆ, ಬಡ್ಡಿಗೆ ತೆರಿಗೆ ಇಲ್ಲ, ತಾಯಿಯದೂ ಸೇರಿ ವರ್ಷಕ್ಕೆ 1.5 ಲಕ್ಷದ ಅದೇ ಮಿತಿ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯ ಕಡೆಗೆ ಮಾತ್ರ ಹೋಗಬೇಡಿ. ತಿಂಗಳು ತಿಂಗಳು ಬಡ್ಡಿ ಕೈಗೆ ಕೊಡುವ ಆ ಯೋಜನೆ ಬೇರೆಯವರಿಗೆ ಒಳ್ಳೆಯದು. ನಿಮಗೆ ಅದು ಪ್ರತಿ ತಿಂಗಳೂ "ಆದಾಯ" ಎಂದು ಬರೆದು ತೋರಿಸುವ ಸಾಕ್ಷಿ.

ಹಣ ಕೈ ಬದಲಾಗುವ ರೀತಿಯೂ ಮುಖ್ಯ. ಅಣ್ಣ ಹಬ್ಬಕ್ಕೆ ಬರುವಾಗ ನೋಟಿನ ಕಟ್ಟು ತರುವುದು ಬೇಡ. ಒಬ್ಬರಿಂದ ಒಂದು ಸಂದರ್ಭಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ದಂಡ ಪಡೆದಷ್ಟೇ ಮೊತ್ತ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ, ಅದೂ ಅವರ ಖಾತೆಯಿಂದ ನೇರವಾಗಿ ಮಗಳ ಸುಕನ್ಯಾ ಖಾತೆಗೆ.

ನಿಮ್ಮ ಪಿಂಚಣಿ ಬರುವ ಖಾತೆಯ ಮೂಲಕ ಹಾಯಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಹಳ್ಳಿಗಳಲ್ಲಿ ಎಷ್ಟೋ ಜನಧನ ಖಾತೆಗಳು ಪೂರ್ಣ ದಾಖಲೆ ಇಲ್ಲದೆ ತೆರೆದ ಸಣ್ಣ ಖಾತೆಗಳು. ಅವುಗಳಿಗೆ ವರ್ಷಕ್ಕೆ ಒಟ್ಟು ಒಂದು ಲಕ್ಷಕ್ಕಿಂತ ಹೆಚ್ಚು ಜಮೆಯಾಗುವಂತಿಲ್ಲ, ಯಾವಾಗಲೂ 50,000ಕ್ಕಿಂತ ಹೆಚ್ಚು ಇರುವಂತಿಲ್ಲ. ಅಲ್ಲಿಗೆ 1.5 ಲಕ್ಷ ಬಂದು ಬಿದ್ದರೆ ಖಾತೆಯೇ ತಡೆಹಿಡಿಯಲ್ಪಡುತ್ತದೆ, ಆ ತಿಂಗಳ ಎಂಟುನೂರೂ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಇನ್ನೊಂದು: ಈ ಗಡಿಬಿಡಿಯಲ್ಲಿ ಬ್ಯಾಂಕಿನವರು ಹೊಸ ಉಳಿತಾಯ ಖಾತೆ ತೆರೆಸಿದರೆ, ನೇರ ನಗದು ಸೌಲಭ್ಯಕ್ಕೆ ಆಧಾರ್ ಜೋಡಿಸುವ ಚೌಕಕ್ಕೆ ಗೊತ್ತಿಲ್ಲದೆ ಗುರುತು ಹಾಕಬೇಡಿ. ಹಾಕಿದರೆ ಮುಂದಿನ ತಿಂಗಳ ಸರ್ಕಾರಿ ಹಣ ಹೊಸ ಖಾತೆಗೆ ಹೋಗುತ್ತದೆ, ನೀವು ಹಳೆಯ ಪಾಸ್‌ಬುಕ್ ಹಿಡಿದು ಪಿಂಚಣಿ ನಿಂತಿತು ಎಂದು ಅಳುತ್ತೀರಿ. ಅದಾಲತ್‌ನಲ್ಲಿ ನನ್ನ ಮುಂದೆ ಕೂತವರಲ್ಲಿ "ನಿಂತಿದೆ" ಎಂದು ಬಂದ ಎಷ್ಟೋ ಜನರ ಹಣ ನಿಂತಿರಲಿಲ್ಲ, ಬೇರೆ ಬ್ಯಾಂಕಿನಲ್ಲಿ ಹಾಯಾಗಿ ಮಲಗಿತ್ತು.

ಹಣದ ಉಡುಗೊರೆಗೆ ನೋಂದಣಿ ಬೇಕಿಲ್ಲ, ಕೊಟ್ಟರೆ ಸಾಕು. ಆದರೂ ಅಣ್ಣನಿಂದ ಬಿಳಿ ಹಾಳೆಯಲ್ಲಿ ಒಂದು ಪತ್ರ ಬರೆಸಿಟ್ಟುಕೊಳ್ಳಿ: ಇಂಥ ದಿನ, ಇಂಥ ಚೆಕ್ ಸಂಖ್ಯೆಯ ಮೂಲಕ, ನನ್ನ ತಂಗಿಯ ಮಗಳಿಗೆ ಅವಳ ವಿದ್ಯಾಭ್ಯಾಸಕ್ಕಾಗಿ ಇಷ್ಟು ಹಣವನ್ನು ಪ್ರೀತಿಯಿಂದ ಕೊಟ್ಟಿದ್ದೇನೆ, ಇದರಲ್ಲಿ ತಂಗಿಗಾಗಲಿ ಬೇರೆ ಯಾರಿಗಾಗಲಿ ಹಕ್ಕಿಲ್ಲ. ಸಹಿ, ಇಬ್ಬರು ಸಾಕ್ಷಿ. "ತಂಗಿಗೆ ಹಕ್ಕಿಲ್ಲ" ಎಂಬ ಮಾತು ಓದಲು ಒರಟು. ಪರಿಶೀಲನೆಯ ದಿನ ನಿಮ್ಮನ್ನು ಕಾಯುವುದು ಆ ಒರಟು ಮಾತೇ. ಅದು ಬರೀ ಕಾಗದದ ಮಾತೂ ಅಲ್ಲ. ಪಾಲಕಿಯಾಗಿ ಆ ಹಣವನ್ನು ನೀವು ಮಗಳ ಹಿತಕ್ಕೆ ಮಾತ್ರ ಬಳಸಬಹುದು. ಅದರಲ್ಲಿ ಎಮ್ಮೆ ಕೊಳ್ಳುವುದು, ಮನೆಯ ಹೆಂಚು ಬದಲಿಸುವುದು ನಡೆಯುವುದಿಲ್ಲ. (ಅಣ್ಣ ಹಣದ ಬದಲು ಸೈಟು ಕೊಡುತ್ತೇನೆ ಎಂದರೆ ಲೆಕ್ಕವೇ ಬೇರೆ: ನೋಂದಾಯಿತ ದಾನಪತ್ರ ಬೇಕು, ಮುಂದೆ ಮಾರಬೇಕಾದರೆ ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕು.)

ಪರಿಶೀಲನೆಗೆ ಬಂದವರು ಮಗಳ ಹೆಸರಿನಲ್ಲಿ ಏನಾದರೂ ಇದೆಯೇ ಎಂದು ಕೇಳಿದರೆ ಇದೆ ಎನ್ನಿ. ಪಾಸ್‌ಬುಕ್ ತೋರಿಸಿ, ಪತ್ರ ತೋರಿಸಿ. ಮುಚ್ಚಿಟ್ಟು ಸುಳ್ಳು ಘೋಷಣೆಗೆ ಸಹಿ ಹಾಕಿದರೆ, ನ್ಯಾಯವಾಗಿ ಉಳಿಯಬಹುದಾಗಿದ್ದ ಪಿಂಚಣಿಯನ್ನು ನೀವೇ ಕೈಯಾರೆ ಕಳೆದುಕೊಳ್ಳುತ್ತೀರಿ, ಪಡೆದದ್ದನ್ನು ವಾಪಸು ಕಟ್ಟಬೇಕಾಗುತ್ತದೆ. ಆದಾಯ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ನಿಮ್ಮದು ಯಾವಾಗ ಮುಗಿಯುತ್ತದೆ ಎಂದು ಈಗಲೇ ನೋಡಿ. ಹೊಸದಕ್ಕೆ ನಾಡಕಚೇರಿಗೆ ಹೋದಾಗ ಹೊಲಿಗೆಯ ಸಂಪಾದನೆಯನ್ನು ಇದ್ದಂತೆಯೇ ಹೇಳಿ. ಹಬ್ಬದ ಮುಂಚೆ ರವಿಕೆ ಹೊಲಿಗೆ ಎಷ್ಟು ಬರುತ್ತದೆ ಎಂಬುದು ಗ್ರಾಮ ಆಡಳಿತ ಅಧಿಕಾರಿಗೂ ಗೊತ್ತಿರುತ್ತದೆ, ಅವರ ಮನೆಯ ರವಿಕೆಯೂ ಎಲ್ಲಾದರೂ ಹೊಲಿಸಲೇಬೇಕಲ್ಲ.

ಮಾಡಬೇಕಾದ ಮೊದಲ ಕೆಲಸ ಅಂಚೆ ಕಚೇರಿಯದು. ಅಣ್ಣ ಬರುವ ಮುಂಚೆಯೇ 250 ರೂಪಾಯಿ ಕಟ್ಟಿ ಖಾತೆ ತೆರೆದಿಡಿ. ಚೆಕ್ಕಿನ ಮೇಲೆ ಬರೆಯಲು ಅವರಿಗೆ ಖಾತೆಯ ಸಂಖ್ಯೆ ಬೇಕು. ಆ 250 ಆ ವರ್ಷದ 1.5 ಲಕ್ಷದೊಳಗೇ ಎಣಿಕೆಯಾಗುವುದರಿಂದ ಮಾರ್ಚ್‌ನ ಚೆಕ್ಕನ್ನು 1,49,750ಕ್ಕೆ ಬರೆಸಿ.